ಜೋಳಿಗೆ ಗಾಡಿಯ ಷಾಕು

ಮಲಪ್ರಭೆಯ ದಂಡೆಯ ಮೇಲೆ ಒಂದು ಮಠ. ಮಠ ಅಂದಕೂಡಲೇ ಗೋಪುರ ಗೀಪುರ ಕಲ್ಪಿಸಿಕೊಳ್ಳಬೇಡಿ. ಒಂದು ಗದ್ದುಗೆ, ಒಂದು ಬೇವಿನ ಮರ, ಒಂದು ಅಡುಗೆಮನೆ, ಅಷ್ಟೇ. ಅಲ್ಲಿ ಅಡಿವೆಜ್ಜ ಅಂತ ಒಬ್ಬ ಗುರು. ಅವರ ಶಿಷ್ಯ ದ್ಯಾಮಣ್ಣ. ಇಬ್ಬರಿಗೂ ಸೇರಿ ಒಂದು ಹಳೆಯ ಪಿಕಪ್ ಗಾಡಿ.

ಸನ್ಯಾಸಿಗಳಿಗೆ ಗಾಡಿ ಯಾಕೆ ಅಂತ ಕೇಳಬಹುದು. ಜೋಳಿಗೆಗೆ. ಹಿಂದೆಲ್ಲ ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿ ರೊಟ್ಟಿ ಬೇಡಿ ತರುತ್ತಿದ್ದರು. ಮಠದಲ್ಲಿ ಉಣ್ಣುವವರು ಹೆಚ್ಚಾದರು, ಹೆಗಲು ಸಾಲದಾಯಿತು, ಯಾರೋ ಭಕ್ತರು ತಮ್ಮ ಪಿಕಪ್ ತಂದು ಬಿಟ್ಟುಹೋದರು. ದ್ಯಾಮಣ್ಣ ದಿನಾ ಮುಂಜಾನೆ ಖಾಲಿ ಬುಟ್ಟಿ, ಖಾಲಿ ಗಡಿಗೆ ಹೇರಿಕೊಂಡು ಹೋಗುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ ತುಂಬಿಕೊಂಡು ಬರುತ್ತಿದ್ದ.

ಜೋಳಿಗೆಗೆ ಎರಡು ಕಟ್ಟಳೆ. ಯಾವ ಮನೆಯನ್ನೂ ಬಿಡಬಾರದು. ಯಾವ ಮನೆಯ ಮುಂದೆಯೂ ತಂಗಬಾರದು. ಕೊಟ್ಟದ್ದನ್ನು ಇಸಕೊಂಡು ಮುಂದೆ ಸಾಗಬೇಕು. ಅದಕ್ಕೇ ಗಾಡಿ ಮನೆಯ ಮುಂದೆ ನಿಂತರೂ ಎಂಜಿನ್ ಆರಿಸುವ ಪದ್ಧತಿ ಇರಲಿಲ್ಲ.

ಒಂದು ದಿನ ದ್ಯಾಮಣ್ಣ ಬೇವಿನ ಕಟ್ಟೆಯ ಹತ್ತಿರ ಬಂದು ನಿಂತ.

"ಅಜ್ಜಾರ, ಷಾಕ್ ಹೋಗ್ಯಾವ. ಹೊಸಾವು ಹಾಕಸಬೇಕು."

"ಯಾರಿಗೆ?"

"ಗಾಡಿಗ್ರಿ. ಗಾಲಿ ಮ್ಯಾಲಿನ ಷಾಕ್ ಅಬ್ಸಾರ್ಬರ್."

"ಹೂಂ. ಏನಾಗೇತಿ?"

"ಬನ್ನಿಹಾಳದ ಕೆಳಗಿನ ಓಣ್ಯಾಗ ಕಡೀ ಮನಿ ಮುಂದ ಒಂದು ಗುಂಡಿ ಐತ್ರಿ. ಅಲ್ಲಿ ಗಾಡಿ ಕುಣಿದು ಕುಣಿದು ಗಡಿಗಿ ಒಡಿತಾವ. ಅಲ್ಲಿ ನಿಂದರಾಕ ಆಗಂಗಿಲ್ಲ."

"ಅಂದ್ರ ಆ ಮನಿ ಮುಂದ ಜೋಳಿಗಿ ನಿಂದರಂಗಿಲ್ಲೇನು?"

ದ್ಯಾಮಣ್ಣ ಹೊಳೆಯ ಕಡೆ ನೋಡಿದ.

ಓಣಿಯ ಆ ಕೊನೆಯ ಮನೆ ಬೇರೆ ಯಾರದ್ದೂ ಅಲ್ಲ, ದ್ಯಾಮಣ್ಣನ ಅತ್ತೆಯದು. ಅವನ ಹೆಂಡತಿ ಗೌರವ್ವ ಕಾಮಾಲೆಯಿಂದ ತೀರಿಕೊಂಡಾಗ ಅವರ ಮಗಳು ದಾನಮ್ಮ ಇನ್ನೂ ಮೊಲೆ ಬಿಟ್ಟಿರಲಿಲ್ಲ. ಅವನು ಕೂಸನ್ನು ಅತ್ತೆಯ ಉಡಿಯಲ್ಲಿ ಹಾಕಿ ಹೊಳೆಗುಂಟ ನಡೆದ. ನಡೆದು ನಡೆದು ಮಠ ಮುಟ್ಟಿದ. ಮನಸ್ಸು ತಿಳಿಯಾಗಲಿ, ಹೋಗಿ ಕರಕೊಂಡು ಬರ್ತೀನಿ ಅಂದುಕೊಂಡ.

ಮನಸ್ಸು ತಿಳಿಯಾಗುವುದು ಅಂದರೆ ಹೊಳೆಯ ನೀರು ತಿಳಿಯಾದ ಹಾಗಲ್ಲ. ಒಂದು ವರ್ಷ ಹೋಯಿತು, ಎರಡು ಹೋದವು. ತಡವಾದಷ್ಟೂ ಹೋಗುವುದು ಕಷ್ಟವಾಯಿತು. ಹೋಗಿ ಮುಖ ತೋರಿಸಬೇಕಾದರೆ ಮೊದಲು ಮುಖ ಇರಬೇಕಲ್ಲ. ಈಗ ದಾನಮ್ಮನಿಗೆ ಎಂಟು ವರ್ಷ.

ಗಾಡಿ ಓಡಿಸುವ ಕೆಲಸ ಪಾಲಿಗೆ ಬಂದ ದಿನದಿಂದ ಅವನು ಆ ಓಣಿಯಲ್ಲೇ ಹಾಯಬೇಕು. ಊರಿನಿಂದ ಹೊರಗೆ ಬೀಳಲು ಬೇರೆ ದಾರಿಯಿಲ್ಲ. ಗಡ್ಡ ಬಿಟ್ಟು ಕಾವಿ ಉಟ್ಟವನ ಗುರುತು ಊರವರಿಗೆ ಹತ್ತಿರಲಿಲ್ಲ. ಕಡೆಯ ಮನೆ ಬಂತು ಅಂದರೆ ಕಣ್ಣಿನ ಅಂಚಿನಲ್ಲಿ ಹೊಸ್ತಿಲ ಮೇಲೊಂದು ಸಣ್ಣ ಲಂಗ ಕಾಣುತ್ತಿತ್ತು. ಅವನು ಆಕ್ಸಿಲರೇಟರ್ ತುಳಿಯುತ್ತಿದ್ದ. ಗಾಡಿ ಗುಂಡಿಗೆ ಬಿದ್ದು ಎದ್ದು ಧಡಧಡ ಅಂತ ಓಡುತ್ತಿತ್ತು.

ಆಮೇಲೆ ಇಡೀ ದಿನ ಅದೇ ಲಂಗ. ಜಪಕ್ಕೆ ಕುಳಿತರೆ ಅದು, ಉಣ್ಣಲು ಕುಳಿತರೆ ಅದು. ಮಗಳನ್ನು ಒಮ್ಮೆ ಎತ್ತಿಕೊಳ್ಳಬೇಕು ಅಂತ ಅವನ ತೋಳು ನೋಯುತ್ತಿದ್ದವು. ಎಂಟು ವರ್ಷದ ಹುಡುಗಿಯನ್ನು ಯಾರೂ ಎತ್ತಿಕೊಳ್ಳುವುದಿಲ್ಲ ಅನ್ನುವುದು ತೋಳಿಗೆ ತಿಳಿಯಬೇಕಲ್ಲ.

ಇದೆಲ್ಲ ಅಡಿವೆಜ್ಜರಿಗೆ ಗೊತ್ತಿತ್ತು. ಆದರೆ ಅವರು ಷಾಕಿನ ಮಾತು ಬಿಟ್ಟು ಆಚೀಚೆ ಹೋಗಲಿಲ್ಲ.

"ಷಾಕ್ ಏನು ಮಾಡ್ತೈತಿ?" ಅಂತ ಕೇಳಿದರು.

"ಗುಂಡಿ ನುಂಗತೈತ್ರಿ. ಛಲೋ ಷಾಕ್ ಇದ್ರ ಗುಂಡಿ ಬಂದದ್ದೂ ಗೊತ್ತಾಗಂಗಿಲ್ಲ, ಹೋದದ್ದೂ ಗೊತ್ತಾಗಂಗಿಲ್ಲ."

ಅಜ್ಜ ಎದ್ದು ಗಾಡಿಯ ಹಿಂದೆ ಹೋದರು. "ಈ ಮೂಲಿ ಹಿಡಕೊ. ಇಬ್ಬರೂ ಒತ್ತಿ ಬಿಡೂಣು."

ಇಬ್ಬರೂ ಗಾಡಿಯ ಮೂಲೆಯನ್ನು ಭಾರ ಹಾಕಿ ಒತ್ತಿದರು, ಕೈ ಬಿಟ್ಟರು. ಗಾಡಿ ಮೇಲೆದ್ದಿತು, ಕುಸಿಯಿತು, ಮತ್ತೆ ಎದ್ದಿತು. ಒಳಗಿನ ಗಡಿಗೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು.

"ಇಲ್ಲಿ ಗುಂಡಿ ಎಲ್ಲೈತಿ?"

"ಇಲ್ರಿ. ಸಾಪ್ ಅಂಗಳ."

"ಮತ್ತ ಯಾಕ ಕುಣೀತೈತಿ?"

"ನಾವು ಒತ್ತಿದ್ವಲ್ರಿ."

"ಒತ್ತಿದ್ದು ಒಂದ ಸರ್ತಿ."

ಗಾಡಿ ಇನ್ನೂ ಸಣ್ಣಗೆ ಅಲ್ಲಾಡುತ್ತಿತ್ತು. ಇಬ್ಬರೂ ಅದು ನಿಲ್ಲುವತನಕ ಕಾದರು.

"ಗುಂಡಿ ಕೊಡೂದು ಒಂದ ಏಟು" ಅಂದರು ಅಜ್ಜ. "ಉಳಿದ ಕುಣಿತ ಎಲ್ಲಾ ಗಾಡೀದು. ಷಾಕ್ ಗುಂಡಿ ನುಂಗಂಗಿಲ್ಲ, ತಮ್ಮಾ. ಕುಣಿತ ನಿಂದರಸ್ತೈತಿ, ಅಷ್ಟ. ಹೋಗು, ಹುಬ್ಬಳ್ಳಿಗೆ ಹೋಗಿ ತಗೊಂಡ್ ಬಾ."

ದ್ಯಾಮಣ್ಣ ಹುಬ್ಬಳ್ಳಿಗೆ ಹೋದ. ಷಾಕ್ ಅಂದರೆ ಷಾಕ್, ಕೇಳಿದರೆ ಕೊಡುತ್ತಾರೆ ಅಂದುಕೊಂಡಿದ್ದ. ಅಂಗಡಿಯವ ಸಂಬಂಧಕ್ಕೆ ಹೆಣ್ಣು ತೋರಿಸುವವರ ಹಾಗೆ ಒಂದೊಂದನ್ನೇ ತಂದು ಮೇಜಿನ ಮೇಲೆ ಮಲಗಿಸಿದ.

"ಇದು ಮೆತ್ತಂದು. ತೊಟ್ಟಲದಾಗ ಕುಂತಂಗ ಆಗತೈತಿ. ಆದ್ರ ಭಾರ ಹೇರಿದ್ರ ಗಾಡಿ ತೂಗಾಡ್ತೈತಿ. ಇದು ಬಿರುಸಂದು, ಕಲ್ಲು, ಉಸುಕು ಹೇರವರಿಗೆ. ಖಾಲಿ ಹೊಡದ್ರ ಸೊಂಟ ಹೋಗತೈತಿ."

"ಅದು?" ಅಂದ ದ್ಯಾಮಣ್ಣ, ಗಾಜಿನ ಕಪಾಟಿನ ಕಡೆ ಬೆರಳು ಮಾಡಿ.

"ಅದಾ? ಅದು ಮರಳುಗಾಡಿನ್ಯಾಗ ರೇಸ್ ಬಿಡವರದು." ಅಂಗಡಿಯವ ಅದನ್ನು ಎರಡೂ ಕೈಯಿಂದ ತೆಗೆದ. ಥಳಥಳ ಹೊಳೆಯುತ್ತಿತ್ತು. ಪಕ್ಕದಲ್ಲಿ ಒಂದು ಸಣ್ಣ ಸಿಲಿಂಡರ್, ಬಿಗಿ ಸಡಿಲು ಮಾಡಲು ಒಂದು ತಿರುಪು. "ಇದನ್ನ ಹಾಕಿದ್ರ ಗಾಡಿ ಬಾವ್ಯಾಗ ಬಿದ್ದೆದ್ರೂ ಡ್ರೈವರ್‌ಗೆ ಗೊತ್ತಾಗಂಗಿಲ್ಲ."

ದ್ಯಾಮಣ್ಣ ಅದರ ಮೇಲೆ ಕೈಯಾಡಿಸಿದ. ಇಷ್ಟು ದಿನ ತಾನು ಹುಡುಕುತ್ತಿದ್ದದ್ದು ಇದೇ ಅನಿಸಿತು. ಏನೂ ಗೊತ್ತಾಗಬಾರದು. ಆ ಮನೆ ಬರಬೇಕು, ಹೋಗಬೇಕು, ಗೊತ್ತಾಗಬಾರದು.

ಅಂಗಡಿಯವ ಒಳ್ಳೆಯವನು. "ಮಾರಾಕ ನನಗೇನು, ಇದನ್ನ ಮಾರ್ತೀನಿ" ಅಂದ. "ಆದ್ರ ಒಂದು ಹೇಳ್ರಿ. ದಿನಾ ಓಡಸೂ ಗಾಡಿ ಅಂದ್ರಿ. ಖಾಲಿ ಓಡಸ್ತೀರೋ, ತುಂಬಿ ಓಡಸ್ತೀರೋ?"

ದ್ಯಾಮಣ್ಣ ಮಠದ ಫೋನಿಗೆ ರಿಂಗ್ ಮಾಡಿದ.

"ಅಜ್ಜಾರ, ಮರಳುಗಾಡಿಂದು ಒಂದು ಬಾಳ ಛಲೋದು ಐತ್ರಿ."

"ಮರಳುಗಾಡಿನ್ಯಾಗ ನಮ್ಮ ಜೋಳಿಗಿಗೆ ಎಷ್ಟು ಮನಿ ಅದಾವು?"

"ಒಂದೂ ಇಲ್ರಿ."

"ಮತ್ತ?"

"ಗಾಡಿ ಖಾಲಿ ಓಡಸ್ತೀರೋ ತುಂಬಿ ಓಡಸ್ತೀರೋ ಅಂತ ಕೇಳಾಕತ್ತಾರ್ರಿ. ಏನು ಹೇಳ್ಲಿ?"

"ಬನ್ನಿಹಾಳದಾಗ ಹಾಯುವಾಗ ಹ್ಯಾಂಗ ಇರತೈತಿ?"

"ಮೊದಲನೇ ಊರಲ್ರಿ ಅದು. ಖಾಲಿ ಇರತೈತಿ."

"ಹಂಗಾದ್ರ ಖಾಲಿ ಇದ್ದಾಗ ಸುಮ್ಮನಿರೂವಂಥದ್ದು ಕೇಳು. ತುಂಬಿದ ಗಾಡಿ ತನ್ನಷ್ಟಕ್ಕ ತಾನ ಸುಮ್ಮನಿರತೈತಿ. ಕುಣಿಯೂದು ಖಾಲೀದು."

"ತುಂಬಿದ ಕೊಡ ತುಳುಕಂಗಿಲ್ಲ ಅಂದಂಗಾತು, ಅಜ್ಜಾರ."

"ಗಾದಿಮಾತು ನನಗೂ ಬರ್ತಾವ. ನೀ ಷಾಕ್ ತಗೊಂಡ್ ಬಾ."

ಅಂಗಡಿಯವ ಕೇಳಿಸಿಕೊಂಡು ನಕ್ಕ. ಹಿಂದಿನ ಕೋಣೆಯಿಂದ ಇನ್ನೊಂದು ಜೋಡಿ ತಂದ. ಕರಿ ಬಣ್ಣ, ಗ್ಯಾಸ್ ತುಂಬಿದ್ದು, ತಿರುಪಿಲ್ಲ, ಹೊಳಪಿಲ್ಲ. "ದಿನಾ ಓಡಸವರದು ಇದು. ನೋಡಾಕ ಚೆಂದಿಲ್ಲ. ಅದಕ್ಕ ಯಾರೂ ಕೇಳಂಗಿಲ್ಲ" ಅಂದ. ಅಂಥವನ್ನೇ ನಾಲ್ಕೂ ಗಾಲಿಗೆ ಹಾಕಿಸಿಕೊಂಡು, ಕಬ್ಬಿಣಕ್ಕೆ ಕಬ್ಬಿಣ ಬಡಿಯದಂತೆ ನಡುವೆ ಕೂರಿಸುವ ರಬ್ಬರ್ ಬುಷ್ಷುಗಳು ಸವೆದಿದ್ದವು, ಅವನ್ನೂ ಬದಲಿಸಿಕೊಂಡು ದ್ಯಾಮಣ್ಣ ಮಠಕ್ಕೆ ಬಂದ. ಕಪಾಟಿನಲ್ಲಿದ್ದದ್ದು ಮಾತ್ರ ದಾರಿಯುದ್ದಕ್ಕೂ ನೆನಪಾಗುತ್ತಿತ್ತು.

ಅಜ್ಜ ಮೂಲೆ ಒತ್ತಿ ಬಿಟ್ಟರು. ಗಾಡಿ ಕುಸಿಯಿತು, ಎದ್ದಿತು, ನಿಂತಿತು.

"ಹೂಂ" ಅಂದರು ಅಜ್ಜ.

ಮರುದಿನ ಮುಂಜಾನೆ ದ್ಯಾಮಣ್ಣ ಬನ್ನಿಹಾಳಕ್ಕೆ ಹೋದ. ಗಾಡಿ ಬೇರೆ ಯಾರದ್ದೋ ಅನಿಸುವಷ್ಟು ಮೆತ್ತಗೆ ಹೋಗುತ್ತಿತ್ತು. ಹಿಂದೆ ಗಡಿಗೆಗಳ ಸದ್ದಿಲ್ಲ, ಕೆಳಗೆ ಕಬ್ಬಿಣದ ಗಡಗಡ ಇಲ್ಲ. ಮನೆಮನೆಯ ಮುಂದೆ ನಿಂತು ರೊಟ್ಟಿ ಇಸಕೊಂಡ. ಕೆಳಗಿನ ಓಣಿಗೆ ಬಂದ. ಕಡೆಯ ಮನೆ ಕಂಡಿತು. ಎಂದಿನಂತೆ ಕಣ್ಣು ಆಚೆ ತಿರುಗಿಸಿ ಆಕ್ಸಿಲರೇಟರ್ ತುಳಿದ. ಗುಂಡಿ ಬಂತು, ಒಂದೇ ಏಟು, ಗಾಡಿ ದಾಟಿ ಸುಮ್ಮನಾಯಿತು.

ಆ ಸದ್ದಿಲ್ಲದ ಹೊತ್ತಿನಲ್ಲಿ ಹಿಂದಿನಿಂದ ಒಂದು ದನಿ ಕೇಳಿಸಿತು.

"ಜೋಳಿಗಿ ಅಜ್ಜಾ, ನಿಂದರ್ರೀ. ನಮ್ಮದೂ ಒಂದು ರೊಟ್ಟಿ ಐತಿ."

ದ್ಯಾಮಣ್ಣನ ಕಾಲು ತಾನೇ ಬ್ರೇಕಿನ ಮೇಲೆ ಹೋಯಿತು.

ಕನ್ನಡಿಯಲ್ಲಿ ಲಂಗ ಓಡಿಬರುತ್ತಿತ್ತು. ಬಂದು ಬಾಗಿಲ ಹತ್ತಿರ ನಿಂತಿತು. ಗೌರವ್ವನದೇ ಹಣೆ, ಗೌರವ್ವನದೇ ಗಲ್ಲ. ಅಂಗೈ ಮೇಲೆ ಒಂದು ಸಣ್ಣ ರೊಟ್ಟಿ. ದುಂಡಗಿಲ್ಲ. ಒಂದು ಅಂಚು ಕರಿಯಾಗಿ ಸುಟ್ಟಿದೆ.

"ನಾನ ಬಡದೀನಿ" ಅಂದಳು ದಾನಮ್ಮ, ಏದುಸಿರು ಬಿಡುತ್ತಾ. "ದಿನಾ ಒಂದು ಬಡಿತೀನಿ. ದಿನಾ ಕೂಗತೀನಿ. ನಿಮಗ ಕೇಳಸಂಗೇ ಇಲ್ಲ."

ದ್ಯಾಮಣ್ಣ ಕಿಟಕಿಯಿಂದ ಬಗ್ಗಿದ. "ದಿನಾ ಕೂಗತೀ?"

"ಹೂಂ. ಓಣ್ಯಾಗಿನವರು ನಮ್ಮದು ಜೋಳಿಗಿ ನಿಂದರಲಾರದ ಮನಿ ಅಂತಾರ. ಏನೋ ದೋಷ ಇರಬೇಕು ಅಂತಾರ. ನಮ್ಮನ್ಯಾಗಿನ ನೀರೂ ಕುಡಿಯಂಗಿಲ್ಲ ಕೆಲವರು. ನಮ್ಮಜ್ಜಿ ಹಂಗೇನಿಲ್ಲ ಬಿಡು, ಗಾಡಿ ಸಪ್ಪಳಕ್ಕ ಅವರಿಗೆ ಕೇಳಸಂಗಿಲ್ಲ ಅಂತಾಳ." ಅವಳು ಮುಖ ಎತ್ತಿ ನೋಡಿದಳು. "ಯಾವುದು ಖರೇರೀ?"

"ಗಾಡಿ ಸಪ್ಪಳ" ಅಂದ ದ್ಯಾಮಣ್ಣ.

"ನಮ್ಮಜ್ಜಿ ಹೇಳಿದ್ದ ಖರೇ" ಅಂತ ಅವಳು ಹಿಂದಿರುಗಿ ಮನೆಯ ಕಡೆ ನೋಡಿದಳು. ಹೊಸ್ತಿಲಲ್ಲಿ ಅತ್ತೆ ನಿಂತಿದ್ದಳು. ಅತ್ತೆಗೆ ಗಾಡಿ ಯಾರು ಓಡಿಸುತ್ತಾರೆ ಅಂತ ಇಂದು ಗೊತ್ತಾದದ್ದಲ್ಲ. ಆ ನಿಲುವು ನೋಡಿದರೇ ತಿಳಿಯುತ್ತಿತ್ತು. ಸೆರಗು ಬಾಯಿಗೆ ಹಿಡಿದುಕೊಂಡಳು.

ದ್ಯಾಮಣ್ಣ ಕೈ ಚಾಚಿದ. ದಾನಮ್ಮ ರೊಟ್ಟಿಯನ್ನು ಅವನ ಕೈಯಲ್ಲಿಟ್ಟಳು. ಇನ್ನೂ ಬಿಸಿ ಇತ್ತು.

"ನಿಮ್ಮ ಹೆಸರೇನ್ರಿ?"

ಎಂಜಿನ್ ಗುರ್ರ್ ಅನ್ನುತ್ತಿತ್ತು. ತಂಗಬಾರದು ಅನ್ನುವ ಕಟ್ಟಳೆ ದ್ಯಾಮಣ್ಣನಿಗೆ ಆಗ ಎಲ್ಲಿಲ್ಲದ ಹಾಗೆ ನೆನಪಾಯಿತು.

"ಜೋಳಿಗಿಯವ" ಅಂದು ಗೇರ್ ಹಾಕಿದ.

ಮಧ್ಯಾಹ್ನ ಮಠದಲ್ಲಿ ಬುಟ್ಟಿಗಳು ಇಳಿದವು. ಅಲ್ಲಿ ಇನ್ನೊಂದು ಪದ್ಧತಿ. ಬಂದ ರೊಟ್ಟಿಯನ್ನೆಲ್ಲ ಒಂದೇ ಹರಿವಾಣದಲ್ಲಿ ಮುರಿದು ಕಲಸುತ್ತಾರೆ. ಯಾವುದು ಯಾರ ಮನೆಯದು ಅಂತ ಉಣ್ಣುವವರಿಗೆ ತಿಳಿಯಬಾರದು. ಅಜ್ಜ ತಾವೇ ಮುರಿಯಲು ಕುಳಿತಿದ್ದರು.

ಎಲ್ಲ ಮುರಿದಾದ ಮೇಲೂ ಅವರು ಕೈ ತೊಳೆಯಲಿಲ್ಲ. ದ್ಯಾಮಣ್ಣನ ಹೆಗಲ ಮೇಲಿನ ವಸ್ತ್ರದ ಗಂಟನ್ನು ನೋಡಿದರು.

"ಕೊಡು."

"ಇದೊಂದು ನನಗ ಇರಲ್ರಿ, ಅಜ್ಜಾರ."

"ಯಾರಿಗೆ ಅಂತ ಬಡದದ್ದು?"

"ಜೋಳಿಗಿಗೆ."

"ನಿನಗಂತ ಕೊಟ್ಟಾಳೇನು?"

ದ್ಯಾಮಣ್ಣ ಗಂಟು ಬಿಚ್ಚಿ ರೊಟ್ಟಿಯನ್ನು ಕೊಟ್ಟ. ಅಜ್ಜ ಅದನ್ನು ಮುರಿದು ಎಲ್ಲದರ ಜೊತೆ ಕಲಸಿದರು. ಆ ದಿನ ಉಣ್ಣುವಾಗ ದ್ಯಾಮಣ್ಣ ತನ್ನ ತಾಟಿನಲ್ಲಿ ಒಂದು ಸುಟ್ಟ ಚೂರಿಗಾಗಿ ಬೆರಳಾಡಿಸಿದ. ಸಿಗಲಿಲ್ಲ. ಎದುರು ಸಾಲಿನಲ್ಲಿ ಗುರುತಿಲ್ಲದ ಒಬ್ಬ ಮುದುಕ ಕರಿ ಅಂಚಿನ ತುಂಡೊಂದನ್ನು ಮಜ್ಜಿಗೆಯಲ್ಲಿ ಅದ್ದಿ ತಿನ್ನುತ್ತಿದ್ದ. ದ್ಯಾಮಣ್ಣ ಅವನನ್ನೇ ನೋಡುತ್ತ ಕುಳಿತ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಊಟವಾದ ಮೇಲೆ ಕಟ್ಟೆಯ ಹತ್ತಿರ ಹೋದ.

"ಅಜ್ಜಾರ, ಹಳೇ ಷಾಕ್ ಮತ್ತ ಹಾಕಸ್ತೀನ್ರಿ."

"ಯಾಕ?"

"ಮೊದಲ ಸಪ್ಪಳ ಇತ್ತು. ಏನೂ ಕೇಳತಿರಲಿಲ್ಲ. ಈಗ ಎಲ್ಲಾ ಕೇಳತೈತಿ."

"ಏನು ಕೇಳಿತು?"

ದ್ಯಾಮಣ್ಣ ಹೇಳಿದ. ದಿನಾ ಬಡಿದ ರೊಟ್ಟಿ ಹೇಳಿದ, ದೋಷದ ಮನೆ ಹೇಳಿದ, ಗಾಡಿ ಸಪ್ಪಳ ಅಂತ ತಾನಾಡಿದ ಸುಳ್ಳು ಹೇಳಿದ, ಅವಳು ಹೆಸರು ಕೇಳಿದ್ದು ಹೇಳಿದ. "ನನಗ ಆಕಿ ಬೇಕ್ರಿ" ಅಂದ. "ಮಠಕ್ಕ ಬಂದ ದಿನದಿಂದ ಬೇಕಾಗ್ಯಾಳ. ಬ್ಯಾಡ ಬ್ಯಾಡ ಅಂದಷ್ಟೂ ಬೇಕಾಗ್ಯಾಳ. ಆ ಬೇಕು ಅನ್ನೂದಕ್ಕ ಅಂಜಿ ನಾ ನಿಂದರಲಿಲ್ಲ, ಆಕಿ ಮನಿಗೆ ದೋಷ ಬಂತು."

ಹೊಳೆಯ ಮೇಲಿನ ಗಾಳಿಗೆ ಬೇವಿನ ಎಲೆ ನಾಲ್ಕು ಉದುರಿದವು.

"ಹೆಸರು ಕೇಳಿದಳು ಅಂದಿ."

"ಹೌದ್ರಿ."

"ಏನು ಹೇಳಿದಿ?"

"ಜೋಳಿಗಿಯವ ಅಂದೆ. ತಂಗಬಾರದಲ್ರಿ. ಎಂಜಿನ್ ಚಾಲೂ ಇತ್ತು."

ಅಜ್ಜ ಎದ್ದು ಗಾಡಿಯ ಹತ್ತಿರ ಹೋದರು. ಕಿಟಕಿಯಿಂದ ಕೈ ಹಾಕಿ ಕೀಲಿಯನ್ನು ತೆಗೆದರು, ತಂದು ದ್ಯಾಮಣ್ಣನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ನಾಳೆ ಆ ಮನಿ ಮುಂದ ಎಂಜಿನ್ ಆರಿಸು. ಕೂಸಿಗೆ ಅಪ್ಪನ ಹೆಸರು ನೆಟ್ಟಗ ಕೇಳಸಬೇಕು."