ಬಣ್ಣದಡಿಯ ಗೆರೆ

ಮಲಪ್ರಭೆಯ ದಂಡೆಗೆ ಗುರುಪಾದಜ್ಜನವರ ಆಶ್ರಮ. ಎರಡು ಕೋಣೆ, ಒಂದು ಬೇವಿನ ಮರ, ಹೊಳೆಗೆ ಇಳಿಯಲು ಹನ್ನೊಂದು ಮೆಟ್ಟಿಲು. ಬರುವವರು ಹಣ್ಣು ತರುತ್ತಾರೆ, ಕಾಯಿ ತರುತ್ತಾರೆ. ದುಂಡಪ್ಪ ಮಾತ್ರ ಗೋಣಿಚೀಲದಲ್ಲಿ ಕಾರಿನ ಗಾಲಿ ತಂದ.

ಅಜ್ಜ ಚೀಲದ ಬಾಯಿ ಬಿಚ್ಚಿ ಇಣುಕಿದರು.

"ಕಾರು ಹಿಂದಿಂದ ಬರತೈತೇನಪಾ?"

ದುಂಡಪ್ಪ ನಗಲಿಲ್ಲ. ಹೆಣದ ಮನೆಯಲ್ಲೂ ನಗಿಸಿ ಬರುತ್ತಾನೆ ಎಂದು ಊರೆಲ್ಲ ಹೆಸರಾದವನು, ನಾಲ್ಕು ತಿಂಗಳಿಂದ ನಕ್ಕಿರಲಿಲ್ಲ.

ಅಜ್ಜನಿಗೆ ಅವನು ಹೊಸಬನಲ್ಲ. ಹದಿನೈದು ವರ್ಷದಿಂದ ಶಿಷ್ಯ. ಅವನ ಉದ್ಯೋಗವೆಂದರೆ ಮನೆಗಳ ಗೇಟು, ಕಿಟಕಿ ಸರಳುಗಳ ಹಳೆ ಬಣ್ಣ ತೆಗೆದು ಹೊಸದು ಹೊಡೆಯುವುದು. ನಡೆದದ್ದೂ ಅಜ್ಜನಿಗೆ ಗೊತ್ತಿತ್ತು. ನಡುಹಗಲಲ್ಲಿ, ತಿರುವಿನಲ್ಲಿ, ಕಾರು ರಸ್ತೆ ಬಿಟ್ಟು ಇಳಿದಿತ್ತು. ಓಡಿಸುತ್ತಿದ್ದವನು ದುಂಡಪ್ಪ. ಪಕ್ಕದಲ್ಲಿ ಕೂತಿದ್ದ ತಮ್ಮ ಮಹಾಂತೇಶ ಅಲ್ಲೇ ತೀರಿಹೋದ. ದುಂಡಪ್ಪನ ಮೊಣಕೈ ತರಚಿತ್ತು, ಅಷ್ಟೇ.

ಇದು ಆ ಕಾರಿನ ಎಡಮುಂದಿನ ಗಾಲಿ, ಟೈರು ಬಿಚ್ಚಿದ ಬರೀ ಲೋಹದ ಚಕ್ರ. ಅಂಚು ಸೀಳಿತ್ತು.

ಅವ್ವ ಬೈಯಲಿಲ್ಲ. ಒಂದೇ ಒಂದು ಕೇಳಿದಳು: ಕಡೇ ಗಳಿಗೆಯಲ್ಲಿ ಮಹಾಂತು ಏನು ಮಾಡುತ್ತಿದ್ದ? ನಾನು ರಸ್ತೆ ನೋಡುತ್ತಿದ್ದೆ, ಅವನನ್ನು ನೋಡಲಿಲ್ಲ ಎಂದ ದುಂಡಪ್ಪ. ಪೊಲೀಸರಿಗೂ ಅದನ್ನೇ ಹೇಳಿದ್ದ. ಮೊದಲು ಗಾಲಿ ಸೀಳಿತು, ಆಮೇಲೆ ಕಾರು ಒಂದು ಪಕ್ಕಕ್ಕೆ ಎಳೆಯಿತು ಎಂದೂ ಸೇರಿಸಿದ್ದ. ಅಂದಿನಿಂದ ಅವ್ವ ಅವನ ತಾಟಿಗೆ ರೊಟ್ಟಿ ಹಾಕುತ್ತಾಳೆ, ಮುಖ ನೋಡುವುದಿಲ್ಲ.

ಗಾಲಿ ಯಾರೋ ಬಳಸಿ ಮಾರಿದ್ದು. ಮೊದಲೇ ಬಿರುಕು ಬಿಟ್ಟದ್ದನ್ನು ಬೆಸೆದು, ಮೇಲೆ ದಪ್ಪಗೆ ಬಣ್ಣ ಹೊಡೆದು ಕೊಟ್ಟಿರಬಹುದು. ಬಣ್ಣ ತೆಗೆದರೆ ಬೆಸುಗೆಯ ಗೆರೆ ಸಿಕ್ಕೀತು. ಸಿಕ್ಕರೆ ಅವ್ವನ ಮುಂದೆ ಇಡಬಹುದು ಎಂಬುದು ದುಂಡಪ್ಪನ ಲೆಕ್ಕ.

"ಅಜ್ಜಾರ, ತಪ್ಪು ಗಾಲೀದೋ, ನಂದೋ?"

"ಗಾಲೀನs ಕೇಳಾಕ ಬಂದೀಯಲ್ಲ. ಬಣ್ಣ ತಗಿ, ಹೇಳಿದ್ರ ಕೇಳೂಣು."

ಹಿತ್ತಲಲ್ಲಿ ಕೆಲಸ ಶುರುವಾಯಿತು. ಅಜ್ಜ ಅವನ ತಂತಿ ಬ್ರಷ್ ಕಸಿದುಕೊಂಡು ಒಂದು ಬಿದಿರಿನ ಚಕ್ಕೆ ಕೊಟ್ಟರು. ಇದು ಅಲ್ಯೂಮಿನಿಯಂ, ನಮ್ಮ ಅಡುಗೆಮನೆಯ ಬೋಗುಣಿಯ ಜಾತಿ, ಮೆತ್ತಗಿನ ಲೋಹ, ನಿನ್ನ ಗೇಟಿನ ಹಾಗೆ ಕಬ್ಬಿಣವಲ್ಲ ಎಂದರು. ಬೋಗುಣಿಗೆ ಯಾರೋ ಒಮ್ಮೆ ಸೋಡಾ ಹಾಕಿ ತಿಕ್ಕಿ ತಳ ತೂತು ಮಾಡಿದ್ದನ್ನೂ ಹೇಳಿದರು.

ದುಂಡಪ್ಪ ಹೂಂ ಹೂಂ ಎಂದ. ಬಣ್ಣದ ಕೆಲಸವನ್ನು ತನಗೇ ಹೇಳಿಕೊಡುತ್ತಾರಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡ.

ಪೇಟೆಯಿಂದ ತಂದ, ಬಣ್ಣ ಸಡಿಲಿಸುವ ರಿಮೂವರ್ ಬಳಿಯುವುದು. ಪ್ಲಾಸ್ಟಿಕ್ ಹಾಳೆ ಹೊದಿಸುವುದು. ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಬಣ್ಣ ಉಬ್ಬಿದಾಗ ಬಿದಿರಿನಿಂದ ಕೆರೆಯುವುದು. ದಿನಕ್ಕೆ ಅಂಗೈಯಗಲ. ಮೊದಲು ಬೆಳ್ಳಿ ಬಣ್ಣ, ಅದರಡಿ ಕಪ್ಪು, ಅದರಡಿ ಮತ್ತೆ ಬೆಳ್ಳಿ.

"ಎಷ್ಟ ಅಂಗಿ ಹಾಕ್ಕೊಂಡಾನಪಾ ಇಂವ," ಎಂದು ಅಜ್ಜ ಹೋಗುತ್ತಾ ಬರುತ್ತಾ ಕೆಣಕುತ್ತಿದ್ದರು.

ಐದನೆಯ ದಿನ ಸೀಳಿದ ಅಂಚಿನ ಹತ್ತಿರ, ಉಗುರುದ್ದದ ಒಂದು ಕರೀ ಗೆರೆ ಕಾಣಿಸಿತು.

ದುಂಡಪ್ಪ ಚಕ್ಕೆ ಬಿಸಾಡಿದ. ಓಡಿಹೋಗಿ ಅಜ್ಜನನ್ನು ಕರೆತಂದ. ಅಜ್ಜ ಕನ್ನಡಕ ಏರಿಸಿ, ಮೂಗು ಗಾಲಿಗೆ ತಾಗುವಷ್ಟು ಬಗ್ಗಿ ನೋಡಿದರು.

"ಗೆರಿ ಹೌದು. ಬಣ್ಣದಾಗ ಐತೋ, ಲೋಹದಾಗ ಐತೋ, ಇನ್ನೂ ತಿಳೀವಲ್ದು. ನಾಳೆ ಕೆರಿ, ನಾಡಿದ್ದ ಕೆರಿ. ತಿಳಿದೀತು."

ಮರುದಿನ ಬೆಳಿಗ್ಗೆ ಅಜ್ಜ ಭಿಕ್ಷೆಗೆ ಊರೊಳಗೆ ಹೋದರು. ದುಂಡಪ್ಪ ಬಿದಿರಿನ ಚಕ್ಕೆ ಹಿಡಿದು ಕೂತ. ಗೆರೆ ನೋಡಿದ. ಚಕ್ಕೆ ಕೆಳಗಿಟ್ಟ.

ಅವನ ಕೆಲಸದ ಚೀಲದಲ್ಲಿ ಕಾಸ್ಟಿಕ್ ಸೋಡಾ ಇತ್ತು. ಬಿಸಿನೀರಿಗೆ ಕಲಸಿ ಕಬ್ಬಿಣದ ಸರಳು ಅದ್ದಿಟ್ಟರೆ, ಒಂದು ಚಹಾ ಕುಡಿದು ಬರುವಷ್ಟರಲ್ಲಿ ಮೂರು ತಲೆಮಾರಿನ ಬಣ್ಣ ಕಳಚಿ ಬೀಳುತ್ತದೆ. ಇಪ್ಪತ್ತು ವರ್ಷ ಅವನು ಹೊಟ್ಟೆ ಹೊರೆದದ್ದು ಹಾಗೆಯೇ. ಟಬ್ಬಿಗೆ ಸೋಡಾ ಕಲಸಿದ. ಗಾಲಿ ಇಳಿಸಿದ.

ಬಣ್ಣ ಕಿತ್ತು ಮೇಲೆ ತೇಲಿತು. ನೋಡಿದಿರಾ ಅಜ್ಜಾರ, ಎಂದು ತನ್ನಷ್ಟಕ್ಕೆ ತಾನೇ ಅಂದ.

ಆದರೆ ನೊರೆ ನಿಲ್ಲಲಿಲ್ಲ. ಹಾಲು ಉಕ್ಕಿದಂತೆ ಉಕ್ಕುತ್ತಲೇ ಇತ್ತು. ಟಬ್ಬು ಮುಟ್ಟಲಾರದಷ್ಟು ಸುಡತೊಡಗಿತು. ಕಬ್ಬಿಣ ಯಾವತ್ತೂ ಹೀಗೆ ಕುದಿದಿರಲಿಲ್ಲ. ಆಗ ಬೋಗುಣಿಯ ಮಾತು ನೆನಪಾಯಿತು. ನೆನಪಾದ ಮೇಲೂ ಅವನು ಸ್ವಲ್ಪ ಹೊತ್ತು ಸುಮ್ಮನೆ ನಿಂತೇ ಇದ್ದ. ಯಾಕೆಂದು ಅವನಿಗೇ ತಿಳಿಯದು. ಆಮೇಲೆ ಬರಿಗೈ ಹಾಕಿ ಎಳೆದ.

ಗಾಲಿ ಕಪ್ಪಾಗಿತ್ತು. ಮೈಲಿ ಬೇನೆ ಬಂದುಹೋದ ಮುಖದಂತೆ ಮೈತುಂಬ ಕುಳಿ. ಕುಳಿಯಿಂದ ಕುಳಿಗೆ ಗೆರೆ. ಒಂದು ಗೆರೆ ಹುಡುಕುತ್ತಿದ್ದವನಿಗೆ ಸಾವಿರ ಸಿಕ್ಕಿದ್ದವು.

ಅಜ್ಜ ಬಂದಾಗ ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಬೆರಳುಗಳ ತೊಗಲು ಬೆಳ್ಳಗೆ ಬೆಂದಿತ್ತು. ಅಜ್ಜ ಜೋಳಿಗೆ ಅಲ್ಲೇ ಬಿಟ್ಟು, ಅವನನ್ನು ನೀರಿನ ತೊಟ್ಟಿಯ ಹತ್ತಿರ ದರದರ ಎಳೆದೊಯ್ದು, ತಂಬಿಗೆಯ ಮೇಲೆ ತಂಬಿಗೆ ನೀರು ಸುರಿದರು.

"ಅಜ್ಜಾರ, ನಿನ್ನಿ ಗೆರಿ ನಿಮಗ ಕಾಣತೈತೇನ್ರೀ?"

ಅಜ್ಜ ಗಾಲಿಯ ಸುತ್ತ ಬೆರಳಾಡಿಸಿದರು.

"ಇಲ್ಲಪಾ."

"ಅದು ಮೊದಲs ಇತ್ತೋ ಇಲ್ಲೋ?"

"ಇನ್ನ ಯಾವತ್ತೂ ತಿಳಿಯೂದಿಲ್ಲ."

ದುಂಡಪ್ಪ ಯಾರೂ ಕೇಳದೆ ಹೇಳತೊಡಗಿದ. ಕಾರು ಇಳಿದ ದಿನ ಮಹಾಂತುವಿಗೆ ಕನ್ಯೆ ನೋಡಿ ಬರುತ್ತಿದ್ದರಂತೆ. ಕನ್ಯೆಯ ಕಡೆಯವರು ಒಲ್ಲೆವೆಂದಿದ್ದರು. ಮಹಾಂತು ಮೋರೆ ಇಳಿಸಿ ಕೂತಿದ್ದ. ಅವನನ್ನು ನಗಿಸಲು ದುಂಡಪ್ಪ ಸೋದರಮಾವ ಸೀನುವುದನ್ನು ಮಾಡಿ ತೋರಿಸಿದ. ಮಾವ ಸೀನುವಾಗ ಒಂದು ಕೈಯಲ್ಲಿ ಮೂಗು ಹಿಡಿಯುತ್ತಾನೆ, ಇನ್ನೊಂದು ಕೈಯಲ್ಲಿ ಧೋತರ. ಹಾಗಾಗಿ ಎರಡೂ ಕೈ ಬೇಕಾಗುತ್ತವೆ.

ಅಜ್ಜ ನೀರು ಹಾಕುವುದನ್ನು ನಿಲ್ಲಿಸಲಿಲ್ಲ.

"ಅಂವ ನಕ್ಕನೇನು?"

"ನಕ್ಕ ರೀ. ದವಡಿ ಹಲ್ಲ ಕಾಣೂವಂಗ ನಕ್ಕ."

ಮಾತು ಹೊರಬಿದ್ದ ಮೇಲೆ ದುಂಡಪ್ಪ ತನ್ನ ಬಾಯಿಯನ್ನೇ ಬೆಂದ ಕೈಯಿಂದ ಮುಚ್ಚಿಕೊಂಡ. ರಸ್ತೆ ನೋಡುತ್ತಿದ್ದವನಿಗೆ ಪಕ್ಕದವನ ದವಡೆ ಹಲ್ಲು ಕಾಣುವುದಿಲ್ಲ.

ಅಜ್ಜ ಆ ಕೈಯನ್ನು ಮೆಲ್ಲಗೆ ಬಿಡಿಸಿ, ಮತ್ತೆ ನೀರಿನ ಕೆಳಗೆ ಹಿಡಿದರು.

"ನಿಮ್ಮವ್ವ ಕೇಳಿದ್ದು ಇದನ್ನs. ಹೋಗಿ ಹೇಳು."