ಜುಟ್ಟಣ್ಣನಿಗೆ ಕಂಬಳಿ

“ಜುಟ್ಟಣ್ಣನ್ನ ಚೆನ್ನಾಗಿ ನೋಡ್ಕೋರಿ” ಅಂದಳು ನನ್ನ ಹೆಂಡತಿ ನೀಲವ್ವ. ಅದೇ ಅವಳ ಕೊನೆಯ ಮಾತು. ಜುಟ್ಟಣ್ಣ ಅಂದರೆ ಅವಳು ಗಾಜಿನ ತೊಟ್ಟಿಯಲ್ಲಿ ಸಾಕಿದ್ದ ಆಕ್ಸೊಲಾಟಲ್ ಅನ್ನೋ ನೀರುಪ್ರಾಣಿ. ನಾಲ್ಕು ಕಾಲು, ತಲೆಯ ಸುತ್ತ ಜುಟ್ಟಿನಂಥ ಕಿವಿರು. ಚಳಿಗಾಲ ಬಂತಲ್ಲ ಅಂತ ಅವಳ ಕಂಬಳಿಯನ್ನೇ ತೊಟ್ಟಿಗೆ ಸುತ್ತಿದೆ. ಸಂಜೆಗೆ ಜುಟ್ಟಣ್ಣ ಹುಳ ಮುಟ್ಟಲಿಲ್ಲ.

ರಾತ್ರಿ ಕುರ್ಚಿಯಲ್ಲಿ ಕೂತಿದ್ದ ನನ್ನ ಕಿವಿಗೆ ಬೀಳುವಂತೆ ಕಂಬಳಿ ಕೇಳಿತು: “ಯಾಕಪ್ಪಾ, ಊಟ ಬಿಟ್ಟೆ? ಅವ್ವನನ್ನು ಅಪ್ಪಿಕೊಂಡ ಹಾಗೆಯೇ ನಿನ್ನನ್ನೂ ಅಪ್ಪಿಕೊಂಡಿದ್ದೇನಲ್ಲ.”

“ನಿನ್ನ ಉಪಕಾರ ದೊಡ್ಡದು, ಕಂಬಳಿಯಣ್ಣ. ಆದರೆ ನಾನು ತಣ್ಣೀರಿನ ಜೀವ. ತೊಟ್ಟಿಯ ನೀರು ಶುದ್ಧ ಮಾಡುವ ಮೋಟಾರಿನ ಬಿಸಿ ಹೊರಗೆ ಹೋಗದೆ ನೀರು ಕಾಯುತ್ತಿದೆ. ಹೀಗೇ ಇದ್ದರೆ ಸಾಯುತ್ತೇನೆ. ನೀರು ಬಿಸಿಯಾದಾಗ ಅವ್ವ ತೊಟ್ಟಿಗೆ ಒದ್ದೆ ಬಟ್ಟೆ ಸುತ್ತಿ ಫ್ಯಾನ್ ಹಾಕುತ್ತಿದ್ದಳು.”

“ಒದ್ದೆ ಬಟ್ಟೆಯೇ? ಅದೂ ಒಂದು ಪ್ರೀತಿಯೇ?” ಕಂಬಳಿ ನಕ್ಕಿತು.

“ಅದರಿಂದಲೇ ಬದುಕಿದ್ದೇನೆ. ಚಳಿಯಾದವರು ಅಗೋ, ಕುರ್ಚಿಯಲ್ಲಿ ಮುದುರಿ ಕೂತಿದ್ದಾರೆ. ಅವರ ಹತ್ತಿರ ಹೋಗು.”

ಕಂಬಳಿ ನಾಚಿ, ತಾನಾಗಿ ಜಾರಿ ನನ್ನ ಕಾಲ ಮೇಲೆ ಬಿತ್ತು.

ಮರುದಿನ ಬೆಳಿಗ್ಗೆ ಅದನ್ನೇ ಹೊದ್ದುಕೊಂಡು ಎದ್ದೆ. ನೀಲವ್ವನ ಹತ್ತಿ ಸೀರೆಯನ್ನು ಒದ್ದೆ ಮಾಡಿ ತೊಟ್ಟಿಗೆ ಸುತ್ತಿ, ಫ್ಯಾನ್ ಹಾಕಿ, ಜುಟ್ಟಣ್ಣನಿಗೆ ಕೈ ಮುಗಿದೆ.