ಗೊರವಂಕದ ಕಣ್ಣಿನ ಹಳದಿ

ಇದನ್ನು ಮೊದಲು ಹೇಳಿದವಳು ಭೀಮಾ ದಂಡೆಯ ಗುರುಬಾಯಿ ಅಜ್ಜಿ. ಕೇಳಲು ಕೂತವರ ಮುಂದೆ ಸುಲಿಯಲು ಒಂದು ಮೊರ ಶೇಂಗಾ ಇಟ್ಟ ಮೇಲೆಯೇ ಅವಳು ಬಾಯಿ ತೆರೆಯುತ್ತಿದ್ದದ್ದು.

ಲೋಕ ಆಗ ಹೊಸದು. ನದಿಗಳು ತಮ್ಮ ತಮ್ಮ ದಾರಿ ಹಿಡಿದಿದ್ದವು, ಆದರೆ ಹಕ್ಕಿಗಳಿಗೆ ಬಣ್ಣ ಹಚ್ಚಿ ಮುಗಿದಿರಲಿಲ್ಲ. ಪೇಟೆಯವರು ಮೈನಾ ಅನ್ನುವ ಗೊರವಂಕ ಬರೀ ಕಂದು. ಕೊಕ್ಕೂ ಕಂದು, ಕಾಲೂ ಕಂದು.

ಭೀಮೆಯ ದಂಡೆಯ ವಿಹಾರದಲ್ಲಿ ತಾಳೆಮರದೆತ್ತರದ ಬುದ್ಧನನ್ನು ಕಡೆದು ನಿಲ್ಲಿಸಿದ್ದರು. ಕಣ್ಣು ಬರೆಯುವುದೊಂದು ಬಾಕಿ. ಅದು ಬಣ್ಣಗಾರ್ತಿ ನಾಗಸಿರಿಯ ಕೆಲಸ. ಮೂರ್ತಿಗೆ ಬೆನ್ನು ಮಾಡಿ ನಿಂತು, ಕನ್ನಡಿಯಲ್ಲಿ ನೋಡುತ್ತಾ, ಹೆಗಲ ಮೇಲಿಂದ ಕುಂಚ ಆಡಿಸಬೇಕು. ಮೂರ್ತಿಯ ಮೊದಲ ನೋಟ ಯಾರ ಮೇಲೂ ನೇರವಾಗಿ ಬೀಳಬಾರದು ಎಂಬುದು ಅಲ್ಲಿನ ಪದ್ಧತಿ.

ಅವತ್ತು ಅವಳು ಅಟ್ಟಣಿಗೆ ಹತ್ತಿ ನೋಡಿದರೆ, ಬುದ್ಧನ ಉದ್ದ ಕಿವಿಯೊಳಗೆ ಗೊರವಂಕದ ಗೂಡು. ಮೂರು ಮರಿ.

"ಮೊದಲು ಅದನ್ನು ತೆಗೆದು ಎಸೆಯಮ್ಮ," ಕೆಳಗಿನಿಂದ ಹಿರಿಯ ಭಿಕ್ಷು ಕೂಗಿದರು. "ಕಣ್ಣು ಬರೆದ ಮೇಲೆ ಕಸ ತೆಗೆಯೋಕೂ ಮೂರ್ತಿ ಮುಟ್ಟೋ ಹಾಗಿಲ್ಲ."

"ಯಕ್ಕಾ, ಇನ್ನೊಂದೇ ದಿನ," ತಾಯಿ ಗೊರವಂಕ ಅಂಗಲಾಚಿತು. "ನಾಳೆ ಹಾರ್ತಾವೆ."

"ಇವತ್ತಿನ ಮುಹೂರ್ತ ನನ್ನ ಕೈಲಿಲ್ಲ ಕಣೇ."

"ಕುಂಚ ನಿನ್ನ ಕೈಲೇ ಇದೆಯಲ್ಲ!"

"ಗೇಣುದ್ದ ಹಕ್ಕಿ, ಮಾರುದ್ದ ಮಾತು," ಎಂದಿತು ಗಾಳಿ.

ನಾಗಸಿರಿ ಕಿವಿಯೊಳಗೆ ಕೈ ಹಾಕಿದಳು. ಊಟ ಬಂತೆಂದು ಮೂರು ಕೆಂಪು ಬಾಯಿ ತೆರೆದುಕೊಂಡವು. ಕೈ ಹಿಂದೆ ತೆಗೆದಳು.

ಕೆಳಗೆ ಶಂಖ ಊದಿದರು. ನಾಗಸಿರಿ ಬೆನ್ನು ತಿರುಗಿಸಿ, ಹಳದಿ ಕಲ್ಲು ಅರೆದ ಬಣ್ಣದಲ್ಲಿ ಕುಂಚ ಅದ್ದಿದಳು. ಅಷ್ಟರಲ್ಲಿ ಗೊರವಂಕ ಬುದ್ಧನ ಮೂಗಿನ ಮೇಲೆ ಬಂದು ಕೂತಿತು. ಈಗ ಕನ್ನಡಿಯ ತುಂಬ ಅದರದೇ ಮುಖ.

ನಾಗಸಿರಿ ಕುಂಚವನ್ನು ಹೆಗಲ ಮೇಲಕ್ಕೆತ್ತಿದಳು. ಆಮೇಲೆ ಹಕ್ಕಿಯ ಕಣ್ಣಿನ ಸುತ್ತಲೇ ಕುಂಚ ಎಳೆದಳು. ಒಂದು ಕಣ್ಣು, ಇನ್ನೊಂದು ಕಣ್ಣು.

ಗೊರವಂಕ ಗಾಬರಿಬಿದ್ದು ಬಣ್ಣದ ಬಟ್ಟಲಿಗೇ ಕಾಲಿಟ್ಟಿತು. ಕಾಲನ್ನು ಕೊಕ್ಕಿನಿಂದ ಒರೆಸಿಕೊಂಡಿತು. ಬಟ್ಟಲು ಉರುಳಿ ಕೆಳಗೆ, ನೇರ ನದಿಗೆ.

"ನನಗ್ಯಾಕವ್ವ ಈ ವಯಸ್ಸಲ್ಲಿ ಅರಿಶಿನ?" ಎಂದಳು ಭೀಮೆ.

ಕೆಳಗೆ ನಿಂತವರೆಲ್ಲ ನಕ್ಕರು, ಭಿಕ್ಷು ಮಾತ್ರ ನಗಲಿಲ್ಲ. "ಕನ್ನಡಿಯಲ್ಲಿ ಹಕ್ಕಿ ಕಾಣಲಿಲ್ಲವೇ ನಿನಗೆ?"

"ಕಂಡಿತು, ಭಂತೆ. ಕಲ್ಲು ಒಂದು ದಿನ ಕಾಯುತ್ತೆ. ಮರಿ ಕಾಯಲ್ಲ."

ಮೇಲೆ ಮರಿಗಳು ಹಸಿವೆಂದು ಗದ್ದಲ ಎಬ್ಬಿಸಿದ್ದವು. ಭಿಕ್ಷು ತಲೆಯೆತ್ತಿ ಆ ಗದ್ದಲಕ್ಕೆ ಕಿವಿಗೊಟ್ಟರು.

"ಮತ್ತೆ ಬಣ್ಣ ಅರೆಯಲು ಎಷ್ಟು ಹೊತ್ತು?"

"ನಾಳೆ ಮಧ್ಯಾಹ್ನ ಆಗುತ್ತೆ."

"ನುಣ್ಣಗೆ ಅರೆ. ಅವಸರ ಬೇಡ."

ಮಾರನೆಯ ಬೆಳಿಗ್ಗೆ ಮರಿಗಳು ಒಂದೊಂದಾಗಿ ಕಿವಿಯಿಂದ ಹಾರಿದವು. ಮಧ್ಯಾಹ್ನ ಬುದ್ಧನಿಗೆ ಕಣ್ಣು ಬಂತು.

ಬುದ್ಧನಿಗೆಂದು ಅರೆದ ಬಣ್ಣ ನೀರಿಗೆ ಹೋಗುವಂಥದ್ದಲ್ಲ. ಎಷ್ಟು ಸಲ ತಲೆ ಮುಳುಗಿಸಿ ಮಿಂದರೂ ಗೊರವಂಕದ ಕಣ್ಣಂಚು, ಕೊಕ್ಕು, ಕಾಲು ಇಂದಿಗೂ ಹಳದಿಯೇ. ಯಾವುದಾದರೂ ಮಗು ಅದನ್ನು ನೋಡಿ ಯಾಕೆ ಹೀಗೆ ಅಂತ ಕೇಳಿದರೆ, ಹತ್ತಿರ ಕೂರಿಸಿಕೊಂಡು ಇದಿಷ್ಟನ್ನೂ ಹೇಳಿಬಿಡಿ.